ರಿಕರಿಂಗ್ ಟಾಸ್ಕ್: ತಾರೀಖಿಗೆ ಕಟ್ಟಬೇಕೋ, ಮುಗಿಸಿದ ದಿನಕ್ಕೋ?

ಪ್ರಶ್ನೆ: ಜಯನಗರದಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಸೇವಾ ಕಂಪನಿ ಇದೆ, ಹದಿನಾಲ್ಕು ಜನ. ಜಿಎಸ್‌ಟಿ, ಟಿಡಿಎಸ್, ಸಂಬಳ, ಬ್ಯಾಕಪ್ ಪರೀಕ್ಷೆ, ಅಮೆರಿಕದ ಗ್ರಾಹಕರಿಗೆ ವಾರದ ವರದಿ, ಎಸಿ ಮತ್ತು ಯುಪಿಎಸ್ ಸರ್ವಿಸ್, ಎಲ್ಲವನ್ನೂ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ನಲ್ಲಿ ರಿಪೀಟ್ ಹಾಕಿ, ಅಂದರೆ ನಿಗದಿತ ಅವಧಿಗೊಮ್ಮೆ ತಾನಾಗಿ ಮರಳಿ ಬರುವ ರಿಕರಿಂಗ್ ಟಾಸ್ಕ್‌ಗಳಾಗಿ ಇಟ್ಟಿದ್ದೇವೆ. ಕೆಲವು ಟಾಸ್ಕ್ ಎರಡೆರಡು ಬರುತ್ತವೆ. ಕೆಲವು ಒಂದೆರಡು ತಿಂಗಳು ಬಂದು ನಿಂತುಹೋದವು. ಉಳಿದವು ಗಡುವು ಮೀರಿ ರಾಶಿ ಬಿದ್ದಿವೆ, ಈಗ ಆ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ. ಸಾಫ್ಟ್‌ವೇರ್ ಬದಲಿಸಬೇಕೆ, ಇಲ್ಲ ಹೊಂದಿಸಿದ್ದೇ ತಪ್ಪಾಗಿದೆಯೆ?

ಉತ್ತರ: ಸಾಫ್ಟ್‌ವೇರ್ ಬದಲಿಸಬೇಡಿ. ನೀವು ಹೇಳಿದ ಮೂರೂ ತೊಂದರೆಗಳು ಯಾವ ಸಾಫ್ಟ್‌ವೇರ್‌ನಲ್ಲಾದರೂ ಬರುತ್ತವೆ, ಏಕೆಂದರೆ ಅವುಗಳ ಮೂಲ ರಿಪೀಟ್ ಬಟನ್ ಒತ್ತುವ ಮೊದಲೇ ಇದೆ. ಮುಂದಿನ ಸರದಿ ಯಾವುದರ ಮೇಲೆ ನಿಲ್ಲಬೇಕು, ಕ್ಯಾಲೆಂಡರ್ ತಾರೀಖಿನ ಮೇಲೋ, ಹಿಂದಿನ ಸಲ ಕೆಲಸ ಮುಗಿದ ದಿನದ ಮೇಲೋ? ಇದನ್ನು ಪ್ರತಿ ಕೆಲಸಕ್ಕೂ ಬೇರೆಬೇರೆಯಾಗಿ ತೀರ್ಮಾನಿಸಬೇಕು. ಎಲ್ಲಕ್ಕೂ ಒಂದೇ ಥರ ‘ಪ್ರತಿ ತಿಂಗಳು’ ಎಂದು ಹಾಕಿದರೆ ಪಟ್ಟಿ ಕೆಡುವುದು ಖಂಡಿತ.

ನಿಮ್ಮ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಟಿಡಿಎಸ್ ಕಟ್ಟುವುದು ಮುಂದಿನ ತಿಂಗಳ 7ರೊಳಗೆ. ಪಿಎಫ್, ಇಎಸ್‌ಐ 15ರೊಳಗೆ. ಕರ್ನಾಟಕದ ವೃತ್ತಿ ತೆರಿಗೆ 20ರೊಳಗೆ. ನೀವು ಹಿಂದಿನ ತಿಂಗಳು 3ನೇ ತಾರೀಖಿಗೇ ಕಟ್ಟಿದ್ದರೂ, ತಡವಾಗಿ 10ಕ್ಕೆ ಕಟ್ಟಿದ್ದರೂ, ಈ ತಿಂಗಳ ಗಡುವು ಕದಲುವುದಿಲ್ಲ. ಇವೆಲ್ಲ ತಾರೀಖಿಗೆ ಕಟ್ಟಬೇಕಾದ ಕೆಲಸಗಳು. ಎಸಿ ಫಿಲ್ಟರ್ ತೊಳೆಯುವುದು, ಯುಪಿಎಸ್ ಬ್ಯಾಟರಿಯ ಟರ್ಮಿನಲ್ ಶುಚಿ ಮಾಡುವುದು, ನೀರಿನ ಟ್ಯಾಂಕ್ ತೊಳೆಸುವುದು ಹಾಗಲ್ಲ. ಸರ್ವಿಸ್ ಹುಡುಗ ಎರಡು ವಾರ ತಡವಾಗಿ ಬಂದರೆ ಮುಂದಿನ ಸರದಿಯೂ ಅಷ್ಟೇ ಮುಂದೆ ಹೋಗಬೇಕು. ಇಲ್ಲದಿದ್ದರೆ ಇವತ್ತು ತೊಳೆದ ಫಿಲ್ಟರ್ ಅನ್ನು ಇನ್ನೆರಡು ವಾರಕ್ಕೇ ಮತ್ತೆ ತೊಳೆಯಿರಿ ಎಂದು ಟಾಸ್ಕ್ ಬಂದು ಕೂರುತ್ತದೆ, ಜನ ಅದನ್ನು ಕಣ್ಣುಮುಚ್ಚಿ ಟಿಕ್ ಮಾಡುತ್ತಾರೆ. ಈ ಅಭ್ಯಾಸ ಒಮ್ಮೆ ಹತ್ತಿತೆಂದರೆ ಜಿಎಸ್‌ಟಿ ಟಾಸ್ಕಿಗೂ ಅದೇ ಗತಿ.

ತಿರುವುಮುರುವು ಆದರೂ ಅಷ್ಟೇ ಕೆಟ್ಟದ್ದು. ಟಿಡಿಎಸ್ ಕೆಲಸವನ್ನು ‘ಮುಗಿಸಿದ ಒಂದು ತಿಂಗಳ ನಂತರ’ ಎಂದು ಹಾಕಿದ್ದೀರಿ ಎನ್ನಿ. 7ಕ್ಕೆ ಶುರುವಾದದ್ದು, ಒಂದು ಸಲ 9ಕ್ಕೆ ಮುಗಿಸಿದರೆ ಮುಂದಿನ ಗಡುವು 9 ಎಂದು ತೋರಿಸುತ್ತದೆ. ಅಷ್ಟರಲ್ಲಿ ನಿಜವಾದ ಗಡುವು ಕಳೆದು ಎರಡು ದಿನವಾಗಿರುತ್ತದೆ. ಕಡಿತ ಮಾಡಿದ ಟಿಡಿಎಸ್ ತಡವಾದರೆ ಬಡ್ಡಿ ತಿಂಗಳಿಗೆ ಶೇ. 1.5, ಮತ್ತು ತಿಂಗಳಿನ ಒಂದು ಭಾಗವನ್ನೂ ಪೂರ್ತಿ ತಿಂಗಳೆಂದೇ ಲೆಕ್ಕ ಹಿಡಿಯುತ್ತಾರೆ.

ಈಗ ಸಾಫ್ಟ್‌ವೇರ್‌ಗಳು ಒಳಗೆ ಹೇಗೆ ನಡೆದುಕೊಳ್ಳುತ್ತವೆ ಎಂಬುದು. ‘ಪ್ರತಿ ಸೋಮವಾರ’ ಎಂದು ಹಾಕಿದಾಗ ಮುಂದಿನ ಎಲ್ಲ ಸೋಮವಾರಗಳ ಟಾಸ್ಕ್‌ಗಳೂ ತಯಾರಾಗಿ ಕುಳಿತಿವೆ ಎಂದು ಬಹಳ ಜನ ನಂಬಿದ್ದಾರೆ. ಹೆಚ್ಚಿನ ಕಡೆ ಹಾಗಿಲ್ಲ. ಆಸನಾ ಮತ್ತು ಮೈಕ್ರೋಸಾಫ್ಟ್ ಪ್ಲಾನರ್‌ನಲ್ಲಿ ಈಗಿನ ಟಾಸ್ಕ್ ಮುಗಿಯಿತೆಂದು ಗುರುತು ಹಾಕಿದ ಮೇಲೆಯೇ ಮುಂದಿನದು ಹುಟ್ಟುತ್ತದೆ. ಟುಡೂಇಸ್ಟ್‌ನಲ್ಲಿ ಹೊಸ ಟಾಸ್ಕ್ ಹುಟ್ಟುವುದೇ ಇಲ್ಲ, ಅದೇ ಟಾಸ್ಕಿನ ತಾರೀಖು ಮುಂದಕ್ಕೆ ಜಿಗಿಯುತ್ತದೆ. ಅಲ್ಲಿ ‘ಎವರಿ’ ಎಂದು ಬರೆದರೆ ತಾರೀಖಿಗೆ ಕಟ್ಟಿದಂತೆ, ಅದರ ಬೆನ್ನಿಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಮುಗಿಸಿದ ದಿನಕ್ಕೆ ಕಟ್ಟಿದಂತೆ. ಕ್ಲಿಕ್‌ಅಪ್‌ನಲ್ಲಿ ವೇಳಾಪಟ್ಟಿಯಂತೆ ಬರಲಿ, ಮುಗಿದ ಮೇಲೆ ಬರಲಿ ಎಂಬ ಎರಡು ಆಯ್ಕೆಗಳೂ ಇವೆ. ಟ್ರೆಲೋದ ಕಾರ್ಡ್ ರಿಪೀಟರ್ ಮತ್ತು ಜಿರಾದ ಆಟೊಮೇಷನ್‌ನಲ್ಲಿರುವ ಶೆಡ್ಯೂಲ್ಡ್ ಟ್ರಿಗರ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ನಿಯಮ) ಹಿಂದಿನದು ಮುಗಿದಿದೆಯೋ ಇಲ್ಲವೋ ನೋಡುವುದಿಲ್ಲ. ಹೊತ್ತಿಗೆ ಸರಿಯಾಗಿ ಇನ್ನೊಂದನ್ನು ಹುಟ್ಟಿಸುತ್ತವೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಮಾತ್ರ ಎಲ್ಲ ಸರದಿಗಳನ್ನೂ ಮೊದಲೇ ಬರೆದಿಟ್ಟು ಒಂದು ಸಾರಾಂಶ ಟಾಸ್ಕಿನ ಕೆಳಗೆ ಇಡುತ್ತದೆ. ಪ್ರತಿಯೊಂದಕ್ಕೂ ತಾರೀಖಿನ ನಿರ್ಬಂಧ ಬೀಳುವುದರಿಂದ, ಯೋಜನೆ ಎರಡು ತಿಂಗಳು ಹಿಂದೆ ಬಿದ್ದರೂ ಅವು ತಮ್ಮ ಜಾಗದಲ್ಲೇ ಇರುತ್ತವೆ.

ಅಂದರೆ ಇಲ್ಲಿರುವುದು ಎರಡು ಮಾದರಿ: ಹಿಂದಿನದು ಮುಗಿದ ಮೇಲೆಯೇ ಮುಂದಿನದು ಬರುವ ಸರಪಳಿ, ಮತ್ತು ಹಿಂದಿನದು ಮುಗಿಯದಿದ್ದರೂ ಹೊತ್ತಿಗೆ ಸರಿಯಾಗಿ ಬರುವ ವೇಳಾಪಟ್ಟಿ. ನಿಮ್ಮ ತೊಂದರೆಗಳು ಇಲ್ಲಿಂದಲೇ ಬಿಡಿಸಿಕೊಳ್ಳುತ್ತವೆ.

ಟಾಸ್ಕ್ ಬಂದು ಬಂದು ನಿಂತುಹೋದದ್ದು ಸರಪಳಿ ಮಾದರಿಯ ರೋಗ. ಒಂದು ಕೊಂಡಿಯನ್ನು ಯಾರೂ ಮುಗಿಸದೆ ಬಿಟ್ಟರೆ ಮುಂದಿನದು ಹುಟ್ಟುವುದಿಲ್ಲ. ‘ಈ ತಿಂಗಳು ಬೇಡ’ ಎಂದು ಯಾರೋ ಡಿಲೀಟ್ ಮಾಡಿದರೆ ಸರಪಳಿಯೇ ಕಡಿದುಹೋಗಬಹುದು. ಅಳಿಸುವಾಗ ‘ಇದೊಂದೇ ಮಾತ್ರವೋ, ಇಡೀ ಸರಣಿಯೋ’ ಎಂದು ಕೇಳಿದರೆ ಓದಿ ಒತ್ತಬೇಕು, ಕೇಳದ ಸಾಫ್ಟ್‌ವೇರ್ ಆದರೆ ಅಳಿಸಲೇಬಾರದು. ಅದಕ್ಕಾಗಿ ‘ಈ ಸಲ ಬಿಟ್ಟಿದೆ’ ಎಂಬ ಒಂದು ಸ್ಟೇಟಸ್ ಅಥವಾ ಲೇಬಲ್ ಮಾಡಿ. ಅದನ್ನು ಹಾಕಿ, ಕಾರಣವನ್ನು ಒಂದು ಸಾಲಿನ ಕಾಮೆಂಟ್‌ನಲ್ಲಿ ಬರೆದು, ಆಮೇಲೆ ಟಾಸ್ಕನ್ನು ಮುಚ್ಚಿ. ಸರಪಳಿಯೂ ಉಳಿಯುತ್ತದೆ, ಮಾಡದ ಕೆಲಸ ಮಾಡಿದಂತೆ ದಾಖಲೆಯೂ ಆಗುವುದಿಲ್ಲ.

ಎರಡೆರಡು ಬರುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ರಿಪೀಟ್ ಇರುವ ಟಾಸ್ಕನ್ನು ಯಾರೋ ಡುಪ್ಲಿಕೇಟ್ ಮಾಡಿದ್ದಾರೆ, ನಕಲಿನ ಜೊತೆ ರಿಪೀಟ್ ನಿಯಮವೂ ನಕಲಾಗಿದೆ. ಅಥವಾ ಮುಗಿಸಿದ ಟಾಸ್ಕನ್ನು ಮತ್ತೆ ತೆರೆದು ಮತ್ತೆ ಮುಗಿಸಿದ್ದಾರೆ, ಎರಡೂ ಸಲ ಹೊಸ ಕೊಂಡಿ ಹುಟ್ಟಿದೆ. ಅಥವಾ ಟಾಸ್ಕಿನಲ್ಲೇ ಒಂದು ರಿಪೀಟ್, ಆಟೊಮೇಷನ್‌ನಲ್ಲಿ ಇನ್ನೊಂದು ನಿಯಮ, ಎರಡೂ ಒಂದೇ ಕೆಲಸಕ್ಕೆ. ಮೂರನೆಯದನ್ನು ಹುಡುಕುವುದು ಕಷ್ಟ, ಏಕೆಂದರೆ ಆಟೊಮೇಷನ್ ಪುಟವನ್ನು ಅಡ್ಮಿನ್ ಬಿಟ್ಟರೆ ಯಾರೂ ನೋಡಿರುವುದಿಲ್ಲ. ಮೊದಲು ಅಲ್ಲೇ ನೋಡಿ.

ರಾಶಿ ಬೀಳುವುದು ವೇಳಾಪಟ್ಟಿ ಮಾದರಿಯ ರೋಗ. ‘ಪ್ರತಿದಿನ ಸರ್ವರ್ ಲಾಗ್ ನೋಡು’ ಎಂಬುದು ಹತ್ತು ದಿನ ಬಿಟ್ಟರೆ ಹತ್ತು ಟಾಸ್ಕ್. ಹತ್ತು ದಿನದ ಹಿಂದಿನದನ್ನು ಇವತ್ತು ಮಾಡುವುದರಲ್ಲಿ ಅರ್ಥವಿಲ್ಲ, ಇವತ್ತಿನದು ಒಂದು ಸಾಕು. ಆದರೆ ಜಿಎಸ್‌ಟಿ ರಿಟರ್ನ್ ಎರಡು ತಿಂಗಳು ಬಿಟ್ಟಿದ್ದರೆ ಎರಡೂ ಬೇಕು, ಒಂದೊಂದೂ ಬೇರೆ ಸಾಲ. ಹಾಗಾಗಿ ನನ್ನ ಸಲಹೆ ಇದು: ಬಿಟ್ಟರೆ ಬಾಕಿಯಾಗಿ ಉಳಿಯುವ ಕೆಲಸಗಳಿಗೆ (ತೆರಿಗೆ, ಸಂಬಳ, ಇನ್‌ವಾಯ್ಸ್) ವೇಳಾಪಟ್ಟಿ ಮಾದರಿ, ಬಿಟ್ಟದ್ದು ಬಿಟ್ಟಹಾಗೇ ಹೋಗುವ ಕೆಲಸಗಳಿಗೆ (ದಿನದ ತಪಾಸಣೆ, ಶುಚಿ, ಸರ್ವಿಸ್) ಸರಪಳಿ ಮಾದರಿ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ವೇಳಾಪಟ್ಟಿ ಮಾದರಿ ಮಾತ್ರ ಸಿಗುವುದಾದರೆ, ದಿನನಿತ್ಯದ ಕೆಲಸಕ್ಕೆ ‘ಇದೇ ಹೆಸರಿನದು ತೆರೆದಿದ್ದರೆ ಹೊಸದು ಬೇಡ’ ಎಂಬ ಷರತ್ತು ಸೇರಿಸಿ. ಜಿರಾದಲ್ಲಿ ಲುಕ್‌ಅಪ್ ಹೆಜ್ಜೆಯಿಂದ ಮೊದಲು ಹುಡುಕಿಸಿ, ಸಿಕ್ಕಿದ್ದು ಸೊನ್ನೆ ಆದರೆ ಮಾತ್ರ ಹೊಸದನ್ನು ಹುಟ್ಟಿಸುವಂತೆ ಮಾಡಬಹುದು. ಸರಪಳಿ ಮಾತ್ರ ಸಿಗುವುದಾದರೆ, ತೆರಿಗೆ ಕೆಲಸಗಳನ್ನು ರಿಪೀಟ್‌ಗೆ ಬಿಡದೆ ವರ್ಷದ ಹನ್ನೆರಡನ್ನೂ ಏಪ್ರಿಲ್‌ನಲ್ಲೇ ಬಿಡಿಬಿಡಿಯಾಗಿ ಮಾಡಿಟ್ಟುಬಿಡಿ. ಸ್ಪ್ರೆಡ್‌ಶೀಟ್‌ನಿಂದ ಇಂಪೋರ್ಟ್ ಮಾಡಿದರೆ ಅರ್ಧ ಗಂಟೆಯ ಕೆಲಸ, ಮತ್ತು ಇಡೀ ವರ್ಷದ ಹೊರೆ ಕ್ಯಾಲೆಂಡರ್‌ನಲ್ಲಿ ಕಣ್ಣಿಗೆ ಕಾಣುತ್ತದೆ.

ತಾರೀಖಿನ ನಿಯಮ ಬರೆಯುವಾಗ ಬೀಳುವ ಗುಂಡಿಗಳು

ಕ್ಯಾಲೆಂಡರ್‌ಗಳ ಅಂತರರಾಷ್ಟ್ರೀಯ ಮಾನದಂಡ, 2009ರ ಆರ್‌ಎಫ್‌ಸಿ 5545, ಹೇಳುವುದು ಹೀಗೆ: ನಿಯಮದಿಂದ ಇಲ್ಲದ ತಾರೀಖು ಹುಟ್ಟಿದರೆ ಆ ಸರದಿಯನ್ನು ಬಿಟ್ಟುಬಿಡಬೇಕು. ‘ಪ್ರತಿ ತಿಂಗಳ 31’ ಎಂದು ಹಾಕಿದರೆ ಫೆಬ್ರವರಿ, ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್, ಈ ಐದು ತಿಂಗಳು ಆ ಮಾನದಂಡದ ಪ್ರಕಾರ ಏನೂ ಬರಬಾರದು. ಈ ಮಾನದಂಡವನ್ನು ಅನುಸರಿಸದೆ ಹಿಂದಿನ ಗಡುವಿಗೆ ಒಂದು ತಿಂಗಳು ಕೂಡಿಸುವ ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ಥರದ ತಪ್ಪಾಗಬಹುದು: 31 ಜನವರಿ, 28 ಫೆಬ್ರವರಿ, ಅಲ್ಲಿಂದ ಮುಂದೆ ಎಲ್ಲ ತಿಂಗಳೂ 28. ಸಂಬಳದ ಕೆಲಸಕ್ಕೆ 29, 30, 31 ಎಂಬ ಸಂಖ್ಯೆಗಳನ್ನು ಎಂದೂ ಬಳಸಬೇಡಿ. ‘ತಿಂಗಳ ಕೊನೆಯ ದಿನ’ ಅಥವಾ ‘ಕೊನೆಯ ಕೆಲಸದ ದಿನ’ ಎಂಬ ಆಯ್ಕೆ ಇದ್ದರೆ ಅದು, ಇಲ್ಲದಿದ್ದರೆ 25ಕ್ಕೆ ಇಟ್ಟು ಹೆಸರಿನಲ್ಲೇ ‘ತಿಂಗಳ ಕೊನೆಯೊಳಗೆ’ ಎಂದು ಬರೆಯಿರಿ.

‘ಮೂರು ತಿಂಗಳಿಗೊಮ್ಮೆ’ ಎಂಬುದೂ ನಮ್ಮ ತೆರಿಗೆ ಕ್ಯಾಲೆಂಡರ್‌ಗೆ ಹೊಂದುವುದಿಲ್ಲ. ಟಿಡಿಎಸ್ ತ್ರೈಮಾಸಿಕ ರಿಟರ್ನ್ ಜುಲೈ 31, ಅಕ್ಟೋಬರ್ 31, ಜನವರಿ 31, ಆಮೇಲೆ ಏಪ್ರಿಲ್ ಅಲ್ಲ, ಮೇ 31. ಇದನ್ನು ‘ಪ್ರತಿ ವರ್ಷ’ ಎಂಬ ನಾಲ್ಕು ಬೇರೆ ಟಾಸ್ಕ್‌ಗಳಾಗಿ ಹಾಕಿ. ಮುಂಗಡ ತೆರಿಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15, ಅದಕ್ಕೆ ಮೂರು ತಿಂಗಳ ನಿಯಮ ಸರಿಹೊಂದುತ್ತದೆ. ಮಾರ್ಚ್ ತಿಂಗಳ ಟಿಡಿಎಸ್‌ಗೆ ಗಡುವು ಏಪ್ರಿಲ್ 30. ತಿಂಗಳ ನಿಯಮ ಏಪ್ರಿಲ್ 7 ಎಂದು ತೋರಿಸಿದರೆ ನಷ್ಟವೇನಿಲ್ಲ, ಬೇಗ ಕಟ್ಟಿದಂತಾಯಿತು, ಬಿಡಿ.

ಜಿಎಸ್‌ಟಿಯಲ್ಲಿ ನೀವು ಯಾವ ವ್ಯವಸ್ಥೆಯಲ್ಲಿದ್ದೀರಿ ಎಂದು ಮೊದಲು ನಿಮ್ಮ ಆಡಿಟರ್ ಹತ್ತಿರ ಕೇಳಿ. ಪ್ರತಿ ತಿಂಗಳು ಸಲ್ಲಿಸುವವರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರದ ರಿಟರ್ನ್) ಮುಂದಿನ ತಿಂಗಳ 11ಕ್ಕೆ, ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ಸಾರಾಂಶ ರಿಟರ್ನ್) 20ಕ್ಕೆ. ಎರಡು ನಿಯಮ ಸಾಕು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರದೆ, ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಯೋಜನೆ ಆರಿಸಿಕೊಂಡವರಿಗೆ ಲೆಕ್ಕ ಬೇರೆ. ಉದಾಹರಣೆಗೆ ಏಪ್ರಿಲ್ ತೆರಿಗೆ ಮೇ 25ಕ್ಕೆ, ಮೇ ತೆರಿಗೆ ಜೂನ್ 25ಕ್ಕೆ, ಜೂನ್ ಸೇರಿಸಿ ತ್ರೈಮಾಸಿಕ 3ಬಿ ಕರ್ನಾಟಕದವರಿಗೆ ಜುಲೈ 22ಕ್ಕೆ, ಜಿಎಸ್‌ಟಿಆರ್-1 ಜುಲೈ 13ಕ್ಕೆ. ‘ಪ್ರತಿ ತಿಂಗಳ 25’ ಎಂದು ಒಂದೇ ನಿಯಮ ಹಾಕಿಕೊಂಡರೆ ವರ್ಷಕ್ಕೆ ನಾಲ್ಕು ಸಲ ಮೂರು ದಿನ ತಡ, ಅದೂ ರಿಟರ್ನ್ ಸಲ್ಲಿಸುವ ತಿಂಗಳಲ್ಲೇ. ಸರ್ಕಾರ ಆಗಾಗ ಗಡುವು ವಿಸ್ತರಿಸುತ್ತದೆ. ಆಗ ಆ ಒಂದು ಸರದಿಯ ತಾರೀಖು ಮಾತ್ರ ಬದಲಿಸಿ, ನಿಯಮವನ್ನು ಮುಟ್ಟಬೇಡಿ.

ಇನ್ನು ಶನಿವಾರ. ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ನಿಮ್ಮ ಕಚೇರಿಗೂ ಅದೇ ಪದ್ಧತಿ ಇದ್ದು, ಆ ದಿನಗಳಲ್ಲಿ ಸರ್ವರ್ ಮೇಂಟೆನೆನ್ಸ್ ಇಟ್ಟುಕೊಂಡಿದ್ದರೆ ‘ಎರಡು ವಾರಕ್ಕೊಮ್ಮೆ ಶನಿವಾರ’ ಎಂದು ಹಾಕಬೇಡಿ. 2026ರ ಮೇ ತಿಂಗಳಲ್ಲಿ ಐದು ಶನಿವಾರಗಳಿವೆ: 2, 9, 16, 23, 30. ಎರಡನೆಯದು 9, ನಾಲ್ಕನೆಯದು 23, ಅಲ್ಲಿಂದ ಎರಡು ವಾರಕ್ಕೆ ಜೂನ್ 6, ಅದು ಮೊದಲ ಶನಿವಾರ. ಅಲ್ಲಿಗೆ ಲೆಕ್ಕ ತಪ್ಪಿತು. ಎಲ್ಲರೂ ಕೆಲಸ ಮಾಡುತ್ತಿರುವಾಗ ಸರ್ವರ್ ನಿಲ್ಲಿಸಲು ಟಾಸ್ಕ್ ಬರುತ್ತದೆ. ‘ತಿಂಗಳ ಎರಡನೇ ಶನಿವಾರ’, ‘ತಿಂಗಳ ನಾಲ್ಕನೇ ಶನಿವಾರ’ ಎಂದು ಎರಡು ನಿಯಮ ಬೇಕು.

ಹಬ್ಬಗಳ ರಜೆಯ ಬಗ್ಗೆ ಹೆಚ್ಚಿನ ಸಾಫ್ಟ್‌ವೇರ್‌ನ ರಿಪೀಟ್‌ಗೆ ತಿಳಿವಳಿಕೆ ಇರುವುದಿಲ್ಲ. ರಾಜ್ಯೋತ್ಸವ ನವೆಂಬರ್ 1ಕ್ಕೇ ಬರುತ್ತದೆ, ಯುಗಾದಿ, ಗೌರಿ-ಗಣೇಶ, ಆಯುಧಪೂಜೆ ವರ್ಷವರ್ಷ ಸರಿಯುತ್ತವೆ. ಒಳಗಡುವನ್ನು, ಅಂದರೆ ನೀವೇ ಇಟ್ಟುಕೊಳ್ಳುವ ಗಡುವನ್ನು, ಕಾನೂನಿನ ಗಡುವಿಗಿಂತ ಮೂರು ಕೆಲಸದ ದಿನ ಮುಂಚೆ ಇಟ್ಟರೆ ಬಹುಪಾಲು ರಜೆಗಳು ಅದರಲ್ಲೇ ಅಡಗಿಹೋಗುತ್ತವೆ.

ಕ್ರಾನ್ ಬರೆಯುವವರಿಗೆ

ಜಿರಾದಂಥ ಕಡೆ ವೇಳೆಯನ್ನು ಕ್ರಾನ್ ಸೂತ್ರದಲ್ಲಿ, ಅಂದರೆ ಕೆಲಸ ಓಡಬೇಕಾದ ಹೊತ್ತನ್ನು ಅಂಕಿ-ಚಿಹ್ನೆಗಳ ಅಂಕಣಗಳಲ್ಲಿ ಹೇಳುವ ರೀತಿಯಲ್ಲಿ, ಬರೆಯಬಹುದು. ನಿಮ್ಮ ಡೆವಲಪರ್‌ಗಳಿಗೆ ಲಿನಕ್ಸ್ ಕ್ರಾನ್ ಬಾಯಿಪಾಠ ಇರುತ್ತದೆ, ತಪ್ಪಾಗುವುದೇ ಅಲ್ಲಿ. ಸೋಮವಾರ ಬೆಳಿಗ್ಗೆ 9 ಗಂಟೆಗೆ ಲಿನಕ್ಸ್‌ನಲ್ಲಿ ‘0 9 * * 1’. ಜಿರಾ ಬಳಸುವುದು ಕ್ವಾರ್ಟ್ಸ್ ಮಾದರಿ: ಮೊದಲ ಅಂಕಣ ಸೆಕೆಂಡ್, ಮತ್ತು ಭಾನುವಾರವೇ 1. ಹಾಗಾಗಿ ಅದೇ ಸೋಮವಾರಕ್ಕೆ ‘0 0 9 ? * 2’ ಎಂದಾಗಬೇಕು. ಕೊನೆಯಲ್ಲಿ 1 ಎಂದು ಬರೆದರೆ ಟಾಸ್ಕ್‌ಗಳೆಲ್ಲ ಭಾನುವಾರ ಹುಟ್ಟುತ್ತವೆ. ಸೋಮವಾರದಿಂದ ಶುಕ್ರವಾರ ಎಂದರೆ 2-6. ಕ್ವಾರ್ಟ್ಸ್‌ನಲ್ಲಿ ತಿಂಗಳ ದಿನ, ವಾರದ ದಿನ ಎರಡರಲ್ಲಿ ಒಂದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲೇಬೇಕು. ನಾಲ್ಕನೇ ಶನಿವಾರಕ್ಕೆ ವಾರದ ಜಾಗದಲ್ಲಿ 7#4, ಎರಡನೆಯದಕ್ಕೆ 7#2. ಲಿನಕ್ಸ್‌ನಲ್ಲಿ ಈ ಸೌಲಭ್ಯ ಇಲ್ಲ, ಮೇಲಾಗಿ ಅಲ್ಲಿ ‘0 9 7 * 1’ ಎಂದು ಬರೆದರೆ ‘7ನೇ ತಾರೀಖು ಸೋಮವಾರ ಆದಾಗ’ ಎಂದಲ್ಲ, ‘ಪ್ರತಿ 7ನೇ ತಾರೀಖು ಮತ್ತು ಪ್ರತಿ ಸೋಮವಾರ’ ಎಂದಾಗುತ್ತದೆ.

ಅಮೆರಿಕದ ಗ್ರಾಹಕರ ವರದಿಗೆ ಟೈಮ್‌ಜೋನ್ ನೋಡಿಕೊಳ್ಳಿ. ನಮ್ಮ ಸಮಯ ಯುಟಿಸಿಗಿಂತ (ಜಗತ್ತಿನ ಪ್ರಮಾಣ ಸಮಯಕ್ಕಿಂತ) ಐದೂವರೆ ಗಂಟೆ ಮುಂದೆ. ಯುಟಿಸಿಯಲ್ಲಿ ಓಡುವ ಸರ್ವರ್‌ಗೆ ‘9 ಗಂಟೆ’ ಎಂದು ಹೇಳಿದರೆ ನಿಮಗೆ ಟಾಸ್ಕ್ ಬರುವುದು ಮಧ್ಯಾಹ್ನ ಎರಡೂವರೆಗೆ. ವರ್ಕ್‌ಸ್ಪೇಸ್ ತೆರೆದವರು ಕ್ಯಾಲಿಫೋರ್ನಿಯಾದ ಸಮಯ ಇಟ್ಟಿದ್ದರೆ ಶುಕ್ರವಾರ ಸಂಜೆ 5ರ ಗಡುವು ನಿಮಗೆ ಶನಿವಾರ ಬೆಳಗಿನ ಜಾವ ಐದೂವರೆ, ಚಳಿಗಾಲದಲ್ಲಿ ಆರೂವರೆ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಹೋಗುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ನ್ಯೂಯಾರ್ಕ್‌ನ ಬೆಳಿಗ್ಗೆ 9 ಬೆಂಗಳೂರಿಗೆ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ವರದಿಯ ಟಾಸ್ಕನ್ನು ಗಂಟೆ ಹಾಕದೆ ಗುರುವಾರದ ದಿನಕ್ಕೆ ಇಟ್ಟು, ಶುಕ್ರವಾರ ಅವರ ಕಚೇರಿ ತೆರೆಯುವ ಮೊದಲೇ ಕಳುಹಿಸಿದರೆ ಈ ಲೆಕ್ಕವೇ ಬೇಡ. ಗ್ರಾಹಕರ ಜೊತೆಗಿನ ಮೀಟಿಂಗ್‌ಗಳನ್ನಂತೂ ಟಾಸ್ಕ್ ಮಾಡಬೇಡಿ, ಅವುಗಳ ಜಾಗ ಕ್ಯಾಲೆಂಡರ್.

ಒಂದು ಟಾಸ್ಕ್ ಹೇಗಿರಬೇಕು? ಜಿಎಸ್‌ಟಿಆರ್-3ಬಿಯನ್ನು ಉದಾಹರಣೆಗೆ ಹಿಡಿಯಿರಿ. ಹೆಸರು: ‘3ಬಿ ಸಲ್ಲಿಸು – ಜೂನ್ 2026’. ತಿಂಗಳು ಹೆಸರಿನಲ್ಲಿ ಇರಲೇಬೇಕು, ಇಲ್ಲದಿದ್ದರೆ ಎರಡು ಬಾಕಿ ಇದ್ದಾಗ ಯಾವುದು ಯಾವ ತಿಂಗಳದ್ದೆಂದು ತಿಳಿಯದೆ ಒಂದರ ಬದಲು ಇನ್ನೊಂದನ್ನು ಮುಚ್ಚುತ್ತಾರೆ. ಆಟೊಮೇಷನ್‌ನಲ್ಲಿ ತಿಂಗಳ ಹೆಸರು ತಾನಾಗಿ ಸೇರುವಂತೆ ಮಾಡಬಹುದು, ಆದರೆ ಜುಲೈಯಲ್ಲಿ ಹುಟ್ಟುವ ಟಾಸ್ಕ್ ಜೂನ್‌ನದ್ದು, ಆದ್ದರಿಂದ ಒಂದು ತಿಂಗಳು ಕಳೆಯುವುದನ್ನು ಮರೆಯಬೇಡಿ. ಹುಟ್ಟುವ ದಿನ 12, ಅಂದರೆ ಜಿಎಸ್‌ಟಿಆರ್-1 ಮುಗಿದ ಮರುದಿನ. ಟಾಸ್ಕಿನ ಗಡುವು 17. ಕಾನೂನಿನ ಗಡುವು 20 ಎಂಬುದು ವಿವರಣೆಯ ಮೊದಲ ಸಾಲಿನಲ್ಲಿ. ಜವಾಬ್ದಾರಿ ಒಬ್ಬರಿಗೇ, ‘ಅಕೌಂಟ್ಸ್ ಟೀಮ್’ ಎಂದು ಹಾಕಿದರೆ ಯಾರಿಗೂ ಹಾಕಿದಂತಲ್ಲ. ಸಬ್‌ಟಾಸ್ಕ್ ಮೂರೇ: ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯ ಜಮೆ) ತಾಳೆ ನೋಡುವುದು, ತೆರಿಗೆ ಕಟ್ಟುವುದು, ಸಲ್ಲಿಸುವುದು. ಕೊನೆಗೆ ಮುಚ್ಚುವ ಷರತ್ತು: ಪೋರ್ಟಲ್ ಕೊಡುವ ಎಆರ್‌ಎನ್ (ಸಲ್ಲಿಕೆಯ ಸ್ವೀಕೃತಿ) ಸಂಖ್ಯೆ ಕಾಮೆಂಟ್‌ನಲ್ಲಿ ಇರಬೇಕು. ಟಿಡಿಎಸ್ ಆದರೆ ಚಲನ್ ಪಿಡಿಎಫ್, ಬ್ಯಾಕಪ್ ಆದರೆ ಯಾವ ಫೈಲ್ ಅನ್ನು ಮರಳಿ ಪಡೆದು ತೆರೆದು ನೋಡಿದಿರಿ ಎಂಬುದು. ಈ ಒಂದು ಷರತ್ತು ಇದ್ದರೆ ಕಣ್ಣುಮುಚ್ಚಿ ಟಿಕ್ ಮಾಡುವುದು ಸುಲಭವಲ್ಲ.

ವರ್ಷಕ್ಕೊಮ್ಮೆ ಬದಲಾಗುವುದನ್ನು ಮೂಲ ಟಾಸ್ಕಿನಲ್ಲಿ ತುಂಬಬೇಡಿ, ಅದಕ್ಕೊಂದು ವಾರ್ಷಿಕ ಟಾಸ್ಕ್ ಮಾಡಿ. 2025ರ ತಿದ್ದುಪಡಿಯ ನಂತರ ಕರ್ನಾಟಕದ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ, ಫೆಬ್ರವರಿಗೆ ಮಾತ್ರ 300. ಇದು ಹನ್ನೆರಡೂ ಸಂಬಳದ ಟಾಸ್ಕಿನಲ್ಲಿ ಬರೆದಿದ್ದರೆ ಫೆಬ್ರವರಿಯಲ್ಲಿ ಯಾರೂ ಓದಿರುವುದಿಲ್ಲ. ಫೆಬ್ರವರಿ 20ಕ್ಕೆ ಬೇರೆಯೇ ಟಾಸ್ಕ್ ಇಡಿ. ಹಾಗೆಯೇ ‘ವರ್ಷಕ್ಕೊಮ್ಮೆ ಎಸ್‌ಎಸ್‌ಎಲ್ ನವೀಕರಣ’ (ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರದ ನವೀಕರಣ) ಎಂಬುದು ನಿಮ್ಮ ಪಟ್ಟಿಯಲ್ಲಿದ್ದರೆ ಈಗಲೇ ತಿದ್ದಿ. ಸಾರ್ವಜನಿಕ ಪ್ರಮಾಣಪತ್ರಗಳ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಅದೇ ದಿನದಿಂದ 100, 2029ರಿಂದ 47 ದಿನ ಎಂದು ನಿಗದಿಯಾಗಿದೆ. ಇದು ಮನುಷ್ಯರಿಗೆ ರಿಪೀಟ್ ಹಾಕುವ ಕೆಲಸವಾಗಿ ಉಳಿಯುವುದಿಲ್ಲ. ನವೀಕರಣವನ್ನು ಯಂತ್ರಕ್ಕೆ ಬಿಟ್ಟು, ‘ನವೀಕರಣ ಆಗಿದೆಯೇ ನೋಡು’ ಎಂಬ ತಿಂಗಳ ತಪಾಸಣೆ ಇಟ್ಟುಕೊಳ್ಳಿ.

ಎಲ್ಲವನ್ನೂ ಒಮ್ಮೆಗೇ ಹಾಕುವ ಮೊದಲು ಖಾಲಿ ಪ್ರಾಜೆಕ್ಟ್ ಒಂದರಲ್ಲಿ ಪರೀಕ್ಷೆ ಮಾಡಿ. ಒಂದು ವಾರದ ಟಾಸ್ಕನ್ನು ಗಡುವಿಗೆ ಎರಡು ದಿನ ಮೊದಲು ಮುಗಿಸಿ, ಇನ್ನೊಂದನ್ನು ಎರಡು ದಿನ ತಡವಾಗಿ ಮುಗಿಸಿ, ಮೂರನೆಯದನ್ನು ಮುಟ್ಟದೆ ಬಿಡಿ. ಮುಂದಿನ ತಾರೀಖು ಏನು ಬಂತೆಂದು ಬರೆದುಕೊಳ್ಳಿ. ಹೊಸ ಸರದಿಯಲ್ಲಿ ಚೆಕ್‌ಲಿಸ್ಟ್ ಟಿಕ್‌ಗಳು ಅಳಿಸಿವೆಯೇ, ಸಬ್‌ಟಾಸ್ಕ್‌ಗಳ ಗಡುವು ಮುಂದೆ ಸರಿದಿದೆಯೇ, ಹಳೆಯ ಲಗತ್ತುಗಳು ಜೊತೆಗೆ ಬಂದಿವೆಯೇ ನೋಡಿ. ಹೋದ ತಿಂಗಳ ಚಲನ್ ಈ ತಿಂಗಳ ಟಾಸ್ಕಿಗೂ ಅಂಟಿಕೊಂಡು ಬಂದರೆ ಕಟ್ಟಿಯೇ ಆಗಿದೆ ಎಂದು ಯಾರಾದರೂ ಭಾವಿಸಬಹುದು. ಸಬ್‌ಟಾಸ್ಕ್‌ಗಳ ತಾರೀಖು ಸರಿಯದೆ ಹಳೆಯ ತಿಂಗಳಲ್ಲೇ ನಿಂತರೆ ಅವುಗಳಿಗೆ ತಾರೀಖೇ ಹಾಕಬೇಡಿ, ಅನುಕ್ರಮ ಸಾಕು.

ಈಗಿರುವ ರಾಶಿಗೆ: ಮೊದಲು ಪೂರ್ತಿ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ತೆರಿಗೆ, ಸಂಬಳ, ಗ್ರಾಹಕರಿಗೆ ಸೇರಿದ ಬಾಕಿಗಳನ್ನು ಒಂದೊಂದಾಗಿ ನೋಡಿ, ನಿಜವಾಗಿ ಆಗಿದೆಯೇ ಎಂದು ಪೋರ್ಟಲ್‌ನಲ್ಲಿ ತಾಳೆ ಹಾಕಿ, ಆಮೇಲೆ ಮುಚ್ಚಿ. ದಿನನಿತ್ಯದ ಹಳೆಯ ತಪಾಸಣೆಗಳಿಗೆ ‘ಬಿಟ್ಟಿದೆ’ ಎಂದು ಗುರುತು ಹಾಕಿ ಒಟ್ಟಿಗೆ ಮುಚ್ಚಿ. ಮುಚ್ಚುವ ಮೊದಲು ಅವುಗಳ ರಿಪೀಟ್ ನಿಯಮ ತೆಗೆಯಿರಿ, ಇಲ್ಲದಿದ್ದರೆ ಮುಚ್ಚಿದಷ್ಟೂ ಹೊಸದು ಹುಟ್ಟುತ್ತದೆ. ನಂತರ ಪ್ರತಿ ಕೆಲಸಕ್ಕೂ ಒಂದೇ ಹೊಸ ನಿಯಮ ಬರೆಯಿರಿ, ಮತ್ತು ಎಲ್ಲಕ್ಕೂ ಮಾರ್ಚ್ 31ರ ಮುಕ್ತಾಯ ದಿನಾಂಕ ಕೊಡಿ. ಹೊಸ ಆರ್ಥಿಕ ವರ್ಷಕ್ಕೆ ಬೇಕಾದವನ್ನು ಮಾತ್ರ ಯಾರಾದರೂ ಯೋಚಿಸಿ ಮುಂದುವರಿಸಬೇಕಾಗುತ್ತದೆ. ನಿಯಮಗಳು ಯಾರ ಹೆಸರಿನ ಖಾತೆಯಲ್ಲಿ ಓಡುತ್ತಿವೆ ಎಂದೂ ನೋಡಿ. ಆ ವ್ಯಕ್ತಿ ಕೆಲಸ ಬಿಟ್ಟು ಖಾತೆ ಮುಚ್ಚಿದ ದಿನ ನಿಯಮ ನಿಲ್ಲಬಹುದು, ಅಥವಾ ಟಾಸ್ಕ್‌ಗಳು ಯಾರೂ ಇಲ್ಲದ ಹೆಸರಿಗೆ ಬೀಳುತ್ತಾ ಹೋಗಬಹುದು. ಕೆಲಸ ಬಿಡುವವರ ಹಸ್ತಾಂತರದ ಪಟ್ಟಿಯಲ್ಲಿ ಲ್ಯಾಪ್‌ಟಾಪ್, ಐಡಿ ಕಾರ್ಡ್ ಜೊತೆಗೆ ಅವರ ಹೆಸರಿನ ರಿಕರಿಂಗ್ ಟಾಸ್ಕ್‌ಗಳನ್ನೂ ಸೇರಿಸಿ, ಖಾತೆ ಮುಚ್ಚುವ ಹಿಂದಿನ ದಿನವೇ ಬೇರೆಯವರ ಹೆಸರಿಗೆ ವರ್ಗಾಯಿಸಿ.